ಕೋರಂ ಮಾಯಾ

ಕಣಗಿನಹಾಳದ ಮಾಯಾಳನ್ನು ಗದಗ-ಬೆಟಗೇರಿಯ ಆ ಕಾಲೇಜಿನಲ್ಲಿ ಇವತ್ತಿಗೂ ‘ಕೋರಂ ಮಾಯಾ’ ಎಂದೇ ಕರೆಯುತ್ತಾರೆ. ಅಪ್ಪ-ಅವ್ವ ಇಟ್ಟ ಮುದ್ದಾದ ಹೆಸರಿನ ಹಿಂದೆ ಸಭೆ-ಸಮಾರಂಭದ ವಾಸನೆಯ ಈ ಶಬ್ದ ಬಂದು ಕೂತದ್ದು ಒಂದು ಚುನಾವಣೆಯಿಂದ. ಆಕೆ ನಿಂತದ್ದು ಆಟೋಟದ ಕಾರ್ಯದರ್ಶಿ ಸ್ಥಾನಕ್ಕೆ. ಮೊದಲೇ ಹೇಳಿಬಿಡುವುದು ಮರ್ಯಾದೆ: ಆಕೆಗೆ ಓಡಲು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ತೀರಾ ಅನ್ಯಾಯವಾದೀತು. ದಿನಾ ಬೆಳಗ್ಗೆ ಏಳೂಹತ್ತರ ಬಸ್ಸಿನ ಹಿಂದೆ ಓಡುತ್ತಿದ್ದಳು. ಅದರಲ್ಲೂ ವಾರಕ್ಕೆರಡು ಸಲ ಬಸ್ಸೇ ಗೆಲ್ಲುತ್ತಿತ್ತು. ಏಳನೆಯ ಇಯತ್ತೆಯಲ್ಲಿ ನೂರು ಮೀಟರ್ ಓಟಕ್ಕೆ ನಿಂತಾಗ ಅವಳು ಗೆರೆ ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ ಮುಗಿದು, ಹೆಡ್‌ಮಾಸ್ತರರು ವಂದನಾರ್ಪಣೆಗೆ ಎದ್ದಿದ್ದರು. ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವ ನಮ್ಮಂಥವರಿಗೆ ಇಂಥ ಹುಡುಗಿಯ ಮೇಲೆ ಮೊದಲಿನಿಂದಲೂ ಅಭಿಮಾನ.

ಆದರೂ ಮಾಯಾಳಿಗೆ ಖೋ-ಖೋ ಎಂದರೆ ಜೀವ. ಆ ಆಟದಲ್ಲಿ ಎಂಟು ಮಂದಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬಾಕೆ ಎದುರಾಳಿಯನ್ನು ಅಟ್ಟುತ್ತಾಳೆ. ಅಟ್ಟುವವಳು ಬೆನ್ನು ಮುಟ್ಟಿ ‘ಖೋ’ ಎಂದ ಕೂಡಲೇ ಕೂತವಳು ಎದ್ದು ಓಡಬೇಕು. ಮಾಯಾ ಕೂಡುವ ಭಾಗವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು. ಓಡುವ ಭಾಗಕ್ಕೆ ಅವಳ ಗೆಳತಿ ಶೃತಿ ಇದ್ದಳು. ಅದೇ ಊರು, ಅದೇ ಓಣಿ, ಅದೇ ಬಿ.ಎ. ಕೊನೆಯ ವರ್ಷ. ಶೃತಿ ಓಡಿದರೆ ಅವಳ ಜಡೆ ಎರಡು ಹೆಜ್ಜೆ ಹಿಂದೆ ಉಳಿಯುತ್ತಿತ್ತು.

ಮಾಯಾಳ ಮನೆಯಲ್ಲಿ ಯಜಮಾನ ಅಜ್ಜ ಹುಲಗಪ್ಪ. ಸಹಕಾರಿ ಸಂಘದ ವಿಷಯದಲ್ಲಿ ಹೆಸರಾದ ಊರು ಕಣಗಿನಹಾಳ. ಹುಲಗಪ್ಪಜ್ಜ ನಲವತ್ತು ವರ್ಷ ಸಂಘದ ಒಂದು ವಾರ್ಷಿಕ ಸಭೆಯನ್ನೂ ತಪ್ಪಿಸಿದವನಲ್ಲ. ಆ ಸಭೆಗಳಿಂದ ಅವನಿಗೆ ಅಂಟಿದ ಚಟ ಒಂದೇ, ಕೋರಂ. ಸಭೆ ನಡೆಯಲು ಕಡಿಮೆಯೆಂದರೆ ಇಷ್ಟು ಜನ ಇರಲೇಬೇಕೆಂಬ ಆ ನಿಯಮವನ್ನು ಅಜ್ಜ ಮನೆಗೂ ತಂದಿದ್ದ. ಐದು ಮಂದಿಯ ಮನೆಯಲ್ಲಿ ಮೂವರು ಕೂಡುವ ತನಕ ತಾಟಿಗೆ ರೊಟ್ಟಿ ಬೀಳುವಂತಿಲ್ಲ. ಹಿಂದೊಮ್ಮೆ ಮಾಯಾಳ ಸೋದರತ್ತೆಯನ್ನು ನೋಡಲು ಗಂಡಿನ ಕಡೆಯಿಂದ ಇಬ್ಬರೇ ಬಂದಾಗ, “ಕೋರಂ ಆಗಿಲ್ರೀ, ಇನ್ನೊಮ್ಮೆ ಬರ್ರಿ” ಎಂದು ಚಹಾ ಕುಡಿಸಿ ಕಳಿಸಿದ್ದ. ಅವರು ಮುಂದಿನ ವಾರ ಹನ್ನೊಂದು ಮಂದಿ ಬಂದರು. ಲಗ್ನವೂ ಆಯಿತು.

ಮಾಯಾಳನ್ನು ಕಾಲೇಜಿಗೆ ಸೇರಿಸಿದ ದಿನ ಕೊಟ್ಟ ಕೈಪಿಡಿಯನ್ನು ಇಡೀ ಗದಗಿನಲ್ಲಿ ಪೂರ್ತಿ ಓದಿದವನು ಹುಲಗಪ್ಪಜ್ಜ ಒಬ್ಬನೇ ಇರಬೇಕು. ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದು, “ಜಿಮಖಾನಾ ಚುನಾವಣಿಗೆ ಮೂರನೇ ಒಂದು ಪಾಲು ಕೋರಂ ಇಟ್ಟಾರ. ಚಲೋ ಕಾಲೇಜು ಐತಿ ಬಿಡು” ಎಂದು ತೀರ್ಪು ಕೊಟ್ಟ. ಪಾಠ ಹೇಳುತ್ತಾರೋ ಇಲ್ಲವೋ ಎಂಬುದನ್ನು ವಿಚಾರಿಸಲಿಲ್ಲ.

ಈ ಕಡೆಯ ಹಳೆಯ ಕಾಲೇಜುಗಳಲ್ಲಿ ಆಟೋಟದ ವಿಭಾಗಕ್ಕೆ ಜಿಮಖಾನಾ ಎನ್ನುತ್ತಾರೆ. ಈ ಕಾಲೇಜಿನ ಜಿಮಖಾನಾ ಎಂದರೆ ಒಂದು ಕೋಣೆ, ಅದಕ್ಕೊಂದು ದೊಡ್ಡ ಕೀಲಿ, ಕೀಲಿಯ ಚಾವಿ ಸಿಪಾಯಿ ಈಶಪ್ಪನ ಸೊಂಟದಲ್ಲಿ. ಈಶಪ್ಪ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಒಂದು ಚೆಂಡನ್ನೂ ಕಳೆದವನಲ್ಲ, ಯಾಕೆಂದರೆ ಒಂದು ಚೆಂಡನ್ನೂ ಹೊರಗೆ ಬಿಟ್ಟವನಲ್ಲ. ಕ್ರಿಕೆಟ್ಟಿನ ಹುಡುಗರಿಗೆ ಮಾತ್ರ, ಅದೂ ಜಿಮಖಾನಾ ಸೆಕ್ರೆಟರಿಯ ಚೀಟಿ ಇದ್ದರೆ, ಬಾಗಿಲು ಅರ್ಧ ತೆಗೆಯುತ್ತಿದ್ದ. ಸೆಕ್ರೆಟರಿಯಾಗುವವರು ವರ್ಷಾ ಕ್ರಿಕೆಟ್ಟಿನವರೇ.

ಹೋದ ಎರಡು ವರ್ಷ ವಲಯ ಮಟ್ಟದ ಪಂದ್ಯಗಳ ಅರ್ಜಿ ಬಂದಾಗ ಹುಡುಗಿಯರ ಖೋ-ಖೋ ತಂಡದ ಹಾಳೆಯ ಮೇಲೆ ಸೆಕ್ರೆಟರಿಯ ಸಹಿ ಬೀಳಲೇ ಇಲ್ಲ. ಒಬ್ಬ ಮರೆತೆ ಎಂದ. ಇನ್ನೊಬ್ಬ, “ನಮ್ಮಲ್ಲಿ ಹುಡುಗ್ಯಾರ ಟೀಮ್ ಐತೇನು?” ಎಂದು ಮಾಯಾಳನ್ನೇ ಕೇಳಿದ. ಕ್ರೀಡಾ ನಿರ್ದೇಶಕರಾದ ಮುಕುಂದ ಸರ್ ಒಳ್ಳೆಯವರು. ಸೊಂಟನೋವಿನವರು. ಅವರು ಹೇಳುವುದು ಒಂದೇ: “ಸೆಕ್ರೆಟರಿ ಸಹಿ ಬೇಕೇ ಬೇಕವ್ವಾ. ನಿಯಮ ಹಾಂಗ ಅದ. ನಾ ಏನು ಮಾಡ್ಲಿಕ್ಕೆ ಆಗ್ತದ?”

ಮೂರನೆಯ ವರ್ಷ ಬಂತು. ಈ ಸಲವೂ ಸಹಿ ಬೀಳದಿದ್ದರೆ ಶೃತಿಯ ಕಾಲುಗಳು ಒಂದು ಖರೆ ಮೈದಾನವನ್ನೂ ನೋಡದೆ ಡಿಗ್ರಿ ಮುಗಿಸುವುದಿತ್ತು.

ಆಗಸ್ಟಿನ ಒಂದು ದಿನ, ಮೈದಾನದಲ್ಲಿ ನಾಲ್ಕು ಸುತ್ತು ಓಡಿದ ಶೃತಿ ಐದನೆಯ ಸುತ್ತಿಗೆ ತಲೆ ತಿರುಗಿ ಬಿದ್ದಳು. ಏಳೂಹತ್ತರ ಬಸ್ಸಿನ ಗಡಿಬಿಡಿಯಲ್ಲಿ ನಾಷ್ಟಾ ಇಲ್ಲ. ಆ ಬಸ್ಸಿನ ಅರ್ಧ ಹುಡುಗಿಯರದು ಅದೇ ಕಥೆ. ಮೊಣಕಾಲು ಕೆತ್ತಿ ರಕ್ತ ಬಂದಿತ್ತು. ಔಷಧದ ಪೆಟ್ಟಿಗೆ ಎಲ್ಲಿ ಎಂದರೆ ಜಿಮಖಾನಾದ ಒಳಗೆ. ಚಾವಿ ಎಲ್ಲಿ ಎಂದರೆ ಈಶಪ್ಪನ ಸೊಂಟದಲ್ಲಿ. ಈಶಪ್ಪ ಎಲ್ಲಿ ಎಂದರೆ ಚಹಾಕ್ಕೆ ಹೋಗಿದ್ದ. ಮಾಯಾ ಓಡಿ ಹೋಗಿ ಅವನನ್ನು ಕರೆತರುವಷ್ಟರಲ್ಲಿ, ಓಡಿದವಳು ಮಾಯಾ ಆದ್ದರಿಂದ, ಶೃತಿಯೇ ಎದ್ದು ಮೊಣಕಾಲಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದಳು.

“ಈಶಪ್ಪ ಕಾಕಾ, ಔಷಧದ ಪೆಟಿಗಿನೂ ಕೀಲಿ ಹಾಕಿ ಇಡ್ತೀರಲ್ಲ, ಯಾರರ ಕದ್ದು ಗಾಯ ಮಾಡ್ಕೋತಾರೇನು?”

“ಸೆಕ್ರೆಟರಿ ಚೀಟಿ ತಾ ತಂಗೀ. ಪೆಟಿಗಿ ಏನು, ಬೇಕಾದ್ರ ಬಾಗಲಾನ ಕಿತ್ತು ಕೊಡ್ತೀನಿ.”

“ಹಂಗಾದ್ರ ನಾನ ಸೆಕ್ರೆಟರಿ ಆಗ್ತೀನಿ.”

ಈಶಪ್ಪ ನಕ್ಕ. ಶೃತಿಯೂ ನಕ್ಕಳು, ಬಿದ್ದ ನೋವಿನಲ್ಲೂ. ಮಾಯಾ ನಗಲಿಲ್ಲ. ಆಡಿದ ಮೇಲೆ ಅವಳಿಗೇ ಹೆದರಿಕೆಯಾಗಿತ್ತು.

ಮನೆಯಲ್ಲಿ ಸುದ್ದಿ ಕೇಳಿ ಅವ್ವ ಮಂಜವ್ವ ಲಟ್ಟಣಿಗೆ ಕೈಯಲ್ಲೇ ಹಿಡಿದು ನಿಂತಳು. “ನೀ? ಆಟದ ಸೆಕ್ರೆಟರಿ? ಅಂಗಡಿಗೆ ಹೋಗಿ ಸಕ್ರಿ ತಾ ಅಂದ್ರ ಚಹಾ ಆರಿದ ಮ್ಯಾಲೆ ಬರ್ತಿ!”

ಹುಲಗಪ್ಪಜ್ಜ ಮೊಮ್ಮಗಳ ಪರ ನಿಂತ. “ಸುಮ್ಕಿರವ ನೀ. ಚುನಾವಣಿಗೆ ಓಡಾಕ ಯಾಕ ಬರಬೇಕು? ಎಣಿಸಾಕ ಬಂದ್ರ ಸಾಕು. ಮಗಳ, ನಿಮ್ಮ ಕಡೆ ತಲಿ ಎಷ್ಟು ಅದಾವು?”

ಮಾಯಾ ಎಣಿಸಿದಳು. ಕಣಗಿನಹಾಳದ ಬಸ್ಸಿನಲ್ಲಿ ನಲವತ್ತು. ಮಲ್ಲಸಮುದ್ರ, ಲಕ್ಕುಂಡಿಯ ಬಸ್ಸುಗಳಲ್ಲಿ ಪರಿಚಯದವರು. ಮುಂಡರಗಿ, ಶಿರಹಟ್ಟಿಯ ದಾರಿಯ ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ದಿನಾ ಸಿಗುತ್ತಾರೆ. ಅಜ್ಜನ ಮುಖ ಅರಳಿತು.

ಎದುರಾಳಿ ಬೆಟಗೇರಿಯ ಸೋಮೇಶ, ಕ್ರಿಕೆಟ್ ತಂಡದ ಕ್ಯಾಪ್ಟನ್. ಬೈಕು, ಕಪ್ಪು ಕನ್ನಡಕ, ತನ್ನದೇ ಫೋಟೊ ಹಾಕಿಸಿದ ಪೋಸ್ಟರು. ತಾನು ಗೆದ್ದರೆ ಎಲ್ಲ ಆಟಗಾರರಿಗೂ ಹೆಸರು ಬರೆಸಿದ ಟೀ-ಶರ್ಟು, ವರ್ಷದ ಕೊನೆಯ ಗ್ಯಾದರಿಂಗಿಗೆ ಡಿಜೆ ಎಂದು ಸಾರಿದ್ದ. ಮಾಯಾ ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದಳು: ಚಾವಿ ಎಲ್ಲರಿಗೂ ಸಿಗುವ ಜಾಗದಲ್ಲಿರುತ್ತದೆ, ದಿನಾ ಸಂಜೆಯ ಬಸ್ಸಿನ ಮೊದಲು ಅರ್ಧ ತಾಸು ಆಟ, ಬೆಳಗ್ಗೆ ಹೊಟ್ಟೆಗೆ ನೆನೆಸಿದ ಶೇಂಗಾ, ಬೆಲ್ಲ, ಹುಡುಗಿಯರ ಖೋ-ಖೋ ತಂಡ ಈ ಸಲ ಹೋಗೇ ಹೋಗುತ್ತದೆ.

ಸೋಮೇಶ ಕ್ಯಾಂಟೀನಿನ ಎದುರು ಅವಳನ್ನು ತಡೆದ. “ಮಾಯಕ್ಕಾರ, ಶೇಂಗಾ ತಿಂದು ಸಿಕ್ಸರ್ ಹೊಡೀಬೇಕೇನ್ರಿ ನಾವು?”

“ಹೋದ ವರ್ಷ ಮಿರ್ಚಿ ತಿಂದು ಎಷ್ಟು ಹೊಡದ್ಯೋ ತಮ್ಮಾ?”

ಹೋದ ವರ್ಷ ಸೋಮೇಶ ಮೊದಲ ಎಸೆತಕ್ಕೇ ಔಟಾಗಿದ್ದ. ಸುತ್ತ ನಿಂತವರು ಹೋ ಎಂದರು. ಸೋಮೇಶನೂ ನಕ್ಕುಬಿಟ್ಟ, ಮನುಷ್ಯ ಕೆಟ್ಟವನಲ್ಲ. “ಓಡಾಕ ಬರದಾಕಿ ಆಟದ ಸೆಕ್ರೆಟರಿ ಆದ್ರ ಹೆಂಗವಾ ಮತ್ತ?” ಎಂದ.

“ಓಡೋವ್ರು ಇಷ್ಟು ವರ್ಷ ಆಗ್ಯಾರ. ಚಾವಿ ಬಿಟ್ಟು ಓಡಿ ಹೋಗ್ಯಾರ.”

ಹದಿನೈದು ದಿನ ಮಾಯಾ ಬಸ್ಸಿನಲ್ಲಿ ನಿಂತು ಪ್ರಚಾರ ಮಾಡಿದಳು. ಕಂಬಿ ಹಿಡಿದು, ತಿರುವಿನಲ್ಲಿ ಯಾರದೋ ಬುತ್ತಿಯ ಮೇಲೆ ಬೀಳುತ್ತ, ಕ್ಷಮಿಸಿ ಎನ್ನುತ್ತ, ಓಟು ಕೇಳುತ್ತ. ಹುಡುಗಿಯರು ಹೂಂ ಎಂದರು. ಹಳ್ಳಿಯ ಹುಡುಗರೂ ಹೂಂ ಎಂದರು, ಅವರಿಗೂ ಆ ಕೋಣೆಯ ಒಳಗೇನಿದೆ ಎಂಬ ಕುತೂಹಲ. ಎಲ್ಲ ಸರಿಯಿತ್ತು. ಒಂದೇ ಒಂದು ಮಾತು ಮರೆತಿತ್ತು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಬಸ್ಸಿನ ವೇಳೆ ಉಸಿರಾಟದಂತೆ ಅಭ್ಯಾಸವಾಗಿಬಿಡುತ್ತದೆ. ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಚುನಾವಣೆ ಇದ್ದದ್ದು ಶುಕ್ರವಾರ ಸಂಜೆ ನಾಲ್ಕೂಕಾಲಿಗೆ, ಸಭಾಭವನದಲ್ಲಿ, ಕೈ ಎತ್ತುವ ಪದ್ಧತಿಯಲ್ಲಿ. ಕಣಗಿನಹಾಳದ ಬಸ್ಸು ನಾಲ್ಕೂವರೆಗೆ ಸ್ಟ್ಯಾಂಡು ಬಿಡುತ್ತದೆ. ಉಳಿದ ಹಳ್ಳಿಗಳ ಬಸ್ಸುಗಳೂ ಅದರ ಆಸುಪಾಸಿನವೇ. ನಾಲ್ಕಕ್ಕೆ ಗಂಟೆ ಹೊಡೆದದ್ದೇ ತಡ, ಚೀಲಗಳು ಹೆಗಲೇರಿದವು.

ಮಾಯಾ ಗೇಟಿನಲ್ಲಿ ಎರಡೂ ಕೈ ಚಾಚಿ ನಿಂತಳು. “ಏ, ನಿಂದರ್ರೇ! ಹತ್ತು ನಿಮಿಷ ಅಷ್ಟ!”

“ಯವ್ವಾ ಮಾಯಾ, ಇದು ತಪ್ಪಿದ್ರ ಮುಂದಿಂದು ಆರೂವರಿಗೆ. ನಮ್ಮಪ್ಪ ಕಾಲು ಮುರೀತಾನ. ನಿನಗ ನಮ್ಮ ಓಟ್ ಐತಿ ಅಂತ ತಿಳ್ಕೊ!”

“ತಿಳ್ಕೊಂಡ್ರ ಎಣಿಸಾಕ ಬರ್ತೈತೇನ, ಹುಚ್ಚೀ!”

ಅವರೆಲ್ಲ ಅವಳ ಕೈಯ ಕೆಳಗೆ ತೂರಿಕೊಂಡು ಓಡಿದರು. ಖೋ-ಖೋ ತಂಡವೇ ಎಲ್ಲರಿಗಿಂತ ಜೋರಾಗಿ ಓಡಿತು. ಉಳಿದವಳು ಶೃತಿ, ಮತ್ತು ಗದಗಿನಲ್ಲೇ ಮನೆಯಿದ್ದ ಏಳು ಹುಡುಗಿಯರು.

ಸಭಾಭವನದಲ್ಲಿ ಮುಂದಿನ ಸಾಲುಗಳಲ್ಲಿ ಬೆಟಗೇರಿ ಪೂರ್ತಿ ಕೂತಿತ್ತು. ಗೆದ್ದವರು ಮಿರ್ಚಿ-ಗಿರ್ಮಿಟ್ ಕೊಡಿಸುವುದು ಇಲ್ಲಿಯ ಪದ್ಧತಿ. ಸೋಮೇಶ ಆಗಲೇ ಕ್ಯಾಂಟೀನಿಗೆ ಎಣ್ಣೆ ಕಾಯಿಸಲು ಹೇಳಿ ಬಂದಿದ್ದ. ಮುಕುಂದ ಸರ್ ಸೊಂಟ ಹಿಡಿದುಕೊಂಡು ವೇದಿಕೆ ಹತ್ತಿದರು. ಸೋಮೇಶನಿಗೆ ಕೈ ಎತ್ತಿದವರು ಎಪ್ಪತ್ತನಾಲ್ಕು. ಮಾಯಾಳಿಗೆ ಅವಳದೇ ಕೈ ಸೇರಿ ಒಂಬತ್ತು.

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಮಾಯಾಳ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಶೃತಿ ಮೊಣಕಾಲಿನ ಹಕ್ಕಳೆ ಕೆರೆಯುತ್ತ ಕೂತಿದ್ದಳು. ಆ ಮೊಣಕಾಲು ನೋಡಿ ಮಾಯಾಳಿಗೆ ಅಳು ಬಂತು. ಅಳು ನುಂಗಲು ಸಭೆಯ ತಲೆಗಳನ್ನು ಎಣಿಸತೊಡಗಿದಳು. ಅಜ್ಜನ ಮನೆಯಲ್ಲಿ ಬೆಳೆದವರಿಗೆ ಕೈ ಖಾಲಿ ಇದ್ದರೆ ತಲೆ ಎಣಿಸುವುದೇ ಕೆಲಸ. ಎಂಬತ್ತಮೂರು. ಕಾಲೇಜಿನಲ್ಲಿ ಆರುನೂರಾ ನಲವತ್ತೆರಡು. ತಾಟಿನಲ್ಲಿ ರೊಟ್ಟಿ ಇಲ್ಲದೆ ಕಾದು ಕೂತ ಸಾವಿರ ಬೆಳಗುಗಳು ಒಮ್ಮೆಲೇ ನೆನಪಾದವು.

ಮುಕುಂದ ಸರ್, “ಹಾಗಾದ್ರ ಜಿಮಖಾನಾ ಸೆಕ್ರೆಟರಿಯಾಗಿ...” ಎನ್ನುತ್ತಿದ್ದಂತೆ ಮಾಯಾ ಎದ್ದು ನಿಂತಳು.

“ಸರ್, ಕೋರಂ ಆಗಿಲ್ರಿ.”

“ಏನು ಆಗಿಲ್ಲ?”

“ಕೋರಂ ರೀ ಸರ್. ಕೈಪಿಡಿ ಕಡೀ ಪುಟದಾಗ ಐತ್ರಿ. ಮೂರನೇ ಒಂದು ಪಾಲು ಮಂದಿ ಇರಬೇಕು. ಇನ್ನೂರಾ ಹದಿನಾಕು. ಇಲ್ಲಿ ಎಂಬತ್ಮೂರು ಅದಾರ್ರಿ, ನನ್ನ ಹಿಡ್ಕೊಂಡು.”

ಸಭಾಭವನ ಗದ್ದಲವಾಯಿತು. ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕೈಪಿಡಿ ಬೇಕೆಂದರೆ ಆಫೀಸಿನಲ್ಲಿ ಒಂದೂ ಇಲ್ಲ; ಈಶಪ್ಪ ಹೋಗಿ, ಕ್ಯಾಂಟೀನಿನ ಮೇಜಿನ ಕುಂಟುಗಾಲಿನ ಕೆಳಗೆ ಮಡಚಿ ಇಟ್ಟಿದ್ದ ಪ್ರತಿಯೊಂದನ್ನು ಕಿತ್ತು ತಂದ. ಎಣ್ಣೆಯ ಕಲೆಯ ನಡುವೆ ನಿಯಮ ಸ್ಪಷ್ಟವಾಗಿತ್ತು.

ಸೋಮೇಶ ಎದ್ದ. “ಸರ್, ಎಣ್ಣಿ ಕಾದೈತಿ!”

ಮುಕುಂದ ಸರ್ ಕೈಪಿಡಿಯನ್ನು ಎರಡು ಸಲ ಓದಿದರು. ಅವರು ಎರಡು ವರ್ಷ ಆ ಹುಡುಗಿಗೆ ನಿಯಮ ಹೇಳಿ ವಾಪಸು ಕಳಿಸಿದ್ದವರು. ಈಗ ಅದೇ ಹುಡುಗಿ ನಿಯಮ ತಂದು ಕೈಯಲ್ಲಿಟ್ಟಿದ್ದಳು. ಅವರ ಮುಖದ ಮೇಲೆ ಸಣ್ಣ ನಗೆ ಬಂತು. “ನಿಯಮ ಹಾಂಗ ಅದ, ಸೋಮೇಶ. ನಾ ಏನು ಮಾಡ್ಲಿಕ್ಕೆ ಆಗ್ತದ? ಸೋಮವಾರ ಹನ್ನೊಂದಕ್ಕ ಮತ್ತ ಸೇರೋಣು. ಕ್ಲಾಸಿನ ವೇಳ್ಯಾದಾಗ ಎಲ್ಲಾರೂ ಇರ್ತಾರ.”

ಎಣ್ಣೆ ಕಾದದ್ದು ವ್ಯರ್ಥವಾಗಲಿಲ್ಲ. ಆ ಸಂಜೆ ಸೋಮೇಶ ಎಲ್ಲರಿಗೂ ಮಿರ್ಚಿ ಕೊಡಿಸಿದ, ಮಾಯಾಳಿಗೂ. ಆರೂವರೆಯ ಬಸ್ಸಿಗೆ ಕಾಯುತ್ತ ಅವಳು ಮೂರು ತಿಂದಳು. ಶೇಂಗಾ-ಬೆಲ್ಲದ ಪ್ರಚಾರಕಿ ಎಂಬುದನ್ನು ಆ ಹೊತ್ತಿಗೆ ಯಾರೂ ನೆನಪಿಸಲಿಲ್ಲ.

ಸೋಮವಾರ ಹನ್ನೊಂದಕ್ಕೆ ಸಭಾಭವನ ಸಾಲದೆ ಜನ ಕಿಟಕಿಯಲ್ಲಿ ನಿಂತರು. ನಾನೂರಾ ಮೂವತ್ತೊಂದು. ತನ್ನ ಅರ್ಧಕ್ಕೂ ಹೆಚ್ಚು ಮಕ್ಕಳು ಬಸ್ಸಿನಲ್ಲಿ ಬರುವವರು ಎಂಬುದು ಆ ಕಾಲೇಜಿಗೆ ಅವತ್ತು ಗೊತ್ತಾಯಿತು. ಹುಲಗಪ್ಪಜ್ಜ ಧೋತರ, ಟೊಪ್ಪಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದ. ಈಶಪ್ಪ ಬಾಗಿಲಲ್ಲಿ ತಡೆದು, “ಯಜಮಾನ್ರ, ಇದು ಹುಡುಗೂರ ಸಭಾ” ಎಂದ.

“ನಾ ಒಳಗ ಬರಂಗಿಲ್ಲೋ ಮಾರಾಯ. ಕೋರಂ ಆಗೇತೇನು, ಅಷ್ಟ ಹೇಳು.”

“ಎರಡು ಕೋರಂ ಆಗೇತ್ರಿ!”

ಅಜ್ಜ ಬೇವಿನ ಗಿಡದ ಕೆಳಗೆ ಸಮಾಧಾನದಿಂದ ಕೂತು ತಂಬಾಕು ತಿಕ್ಕತೊಡಗಿದ. ಅವನ ಮಟ್ಟಿಗೆ ಚುನಾವಣೆ ಅಲ್ಲಿಗೇ ಮುಗಿದಿತ್ತು.

ಒಳಗೆ ಮಾಯಾಳಿಗೆ ಕೈ ಎತ್ತಿದವರು ಇನ್ನೂರಾ ಎಂಬತ್ತೇಳು. ಸೋಮೇಶನಿಗೆ ನೂರಾ ಮೂವತ್ತೆಂಟು. ಆರು ಮಂದಿ ಇಬ್ಬರಿಗೂ ಕೈ ಎತ್ತಿದ್ದರಿಂದ ಅವರನ್ನು ಕೈಬಿಡಲಾಯಿತು. ಕೂಗಿಗೆ ಗೋಡೆಯ ಸುಣ್ಣ ಉದುರಿತು. ಸೋಮೇಶ ಬಂದು ಕೈ ಕುಲುಕಿ, “ಮಿರ್ಚಿ ಎಲ್ಲೆವಾ?” ಎಂದ. ಮಾಯಾ ಚೀಲದಿಂದ ಡಬ್ಬಿ ತೆಗೆದಳು. ಮಂಜವ್ವ ಹಿಂದಿನ ರಾತ್ರಿ ನೆನೆಹಾಕಿ ಕಳಿಸಿದ ಶೇಂಗಾ. ಲಟ್ಟಣಿಗೆ ಹಿಡಿದು ಗದರಿದ ಅವ್ವನೇ ಮಗಳು ಗೆಲ್ಲುತ್ತಾಳೆಂದು ಎರಡು ಸೇರು ನೆನೆಸಿದ್ದಳು.

ಅವತ್ತೇ ಮಧ್ಯಾಹ್ನ ಮಾಯಾ ತನ್ನ ಮೊದಲ ಚೀಟಿ ಬರೆದಳು. ಈಶಪ್ಪ ಅದನ್ನು ಹಿಂದೆ-ಮುಂದೆ ತಿರುವಿ ನೋಡಿ ಕೀಲಿ ತೆಗೆದ. ಒಳಗೆ ಗಾಳಿ ಹೋದ ಚೆಂಡುಗಳು, ಪ್ರಿನ್ಸಿಪಾಲರ ಮುರಿದ ಕುರ್ಚಿ, ಗಣಪತಿಯ ಮಂಟಪದ ತಗಡು. ಔಷಧದ ಪೆಟ್ಟಿಗೆಯಲ್ಲಿ ಈಶಪ್ಪನ ಎಲೆ-ಅಡಿಕೆ. ಖೋ-ಖೋ ಕಂಬಗಳು ಮಾತ್ರ ಇರಲಿಲ್ಲ.

“ಕಂಬ ಎಲ್ಲಿ ಕಾಕಾ?”

ಈಶಪ್ಪ ತಲೆ ಕೆರೆದ. “ಒಂದು ಕ್ಯಾಂಟೀನಿನ ಚಪ್ಪರಕ್ಕ ಐತಿ.”

“ಇನ್ನೊಂದು?”

“ಇನ್ನೊಂದರ ಮ್ಯಾಲೆ ನಮ್ಮನಿ ಅರವಿ ಒಣಗತಾವು.”

ಸಂಜೆಯೊಳಗೆ ಕ್ಯಾಂಟೀನಿನ ಚಪ್ಪರ ಒಂದು ಕಡೆ ವಾಲಿತು, ಈಶಪ್ಪನ ಹೆಂಡತಿ ಮಾಯಾಳಿಗೆ ಶಾಪ ಹಾಕಿದಳು, ಮೈದಾನದಲ್ಲಿ ಎರಡು ಕಂಬ ನಿಂತವು. ಅರ್ಜಿಯ ಮೇಲೆ ಮಾಯಾ ಎಷ್ಟು ಒತ್ತಿ ಸಹಿ ಮಾಡಿದಳೆಂದರೆ ಕೆಳಗಿನ ನಾಲ್ಕು ಹಾಳೆಗಳ ಮೇಲೂ ಮೂಡಿತು. ದಿನಾ ಮೂರೂವರೆಯಿಂದ ನಾಲ್ಕರವರೆಗೆ ಆಟ. ಆ ಅರ್ಧ ತಾಸನ್ನು ಟೈಮ್‌ಟೇಬಲ್ಲಿನಲ್ಲಿ ಮುಕುಂದ ಸರ್ ಎಲ್ಲಿಂದ ಕಡಿದು ತಂದರೋ ಅವರಿಗೇ ಗೊತ್ತು.

ವಲಯ ಮಟ್ಟದ ಪಂದ್ಯ ಮುಂಡರಗಿಯಲ್ಲಿ. ಹನ್ನೆರಡು ಹುಡುಗಿಯರ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಮಾಯಾಳದು. ಹನ್ನೊಂದೇ ಮಂದಿ ಸಿಕ್ಕಿದ್ದರಿಂದ ಸೆಕ್ರೆಟರಿಯನ್ನೇ ಬರೆದುಕೊಂಡಿದ್ದರು. ಶೃತಿ ಮೊದಲ ಎರಡು ಪಂದ್ಯಗಳಲ್ಲಿ ಎದುರಿನವರನ್ನು ಹಿಟ್ಟು ನಾದಿದಂತೆ ನಾದಿದಳು. ಫೈನಲ್ಲಿನಲ್ಲಿ ಲಕ್ಷ್ಮೇಶ್ವರದ ತಂಡ. ನಡುವೆ ಒಬ್ಬಳ ಕಾಲು ಉಳುಕಿತು, ಇನ್ನಿಬ್ಬರಿಗೆ ಆಗಲೇ ಪೆಟ್ಟಾಗಿತ್ತು. ಮುಕುಂದ ಸರ್ ಅತ್ತ-ಇತ್ತ ನೋಡಿದರು. ಉಳಿದವಳು ಒಬ್ಬಳೇ.

“ಮಾಯಾ, ಹೋಗಿ ಕೂಡವ್ವಾ. ಬರೇ ಕೂಡು. ಶೃತಿ ಎಲ್ಲಾ ನೋಡ್ಕೋತಾಳ.”

ಮಾಯಾ ಕಂಬದ ಪಕ್ಕ ಹೋಗಿ ಬಹಳ ಚೆನ್ನಾಗಿ ಕೂತಳು. ಅಂಕ ಸಮ. ಉಳಿದದ್ದು ಅರ್ಧ ನಿಮಿಷ. ಲಕ್ಷ್ಮೇಶ್ವರದ ಕೊನೆಯ ಹುಡುಗಿ ಕಂಬ ಸುತ್ತಿ ಮಾಯಾಳ ಮುಂದೆಯೇ ಹಾಯ್ದಳು. ಹಿಂದೆ ಬಂದ ಶೃತಿಗೆ ಬೇರೆ ದಾರಿ ಇರಲಿಲ್ಲ. ಬೆನ್ನಿಗೆ ಬಡಿದು, “ಖೋ!” ಎಂದಳು.

ಮಾಯಾ ಎದ್ದಳು. ಒಂದು ಹೆಜ್ಜೆ ಇಟ್ಟಳು, ಎರಡನೆಯದೂ ಇಟ್ಟಳು. ಮೂರನೆಯದಕ್ಕೆ ಕಾಲಿಗೆ ಕಾಲು ಸಿಕ್ಕಿ ಉದ್ದಕ್ಕೆ ಬಿದ್ದಳು. ಬೀಳುವಾಗ ಚಾಚಿದ ಬೆರಳಿಗೆ ಏನೋ ತಾಗಿತು. ಅದು ಆ ಹುಡುಗಿಯ ಹಿಮ್ಮಡಿ. ಪಂಚರು ಸೀಟಿ ಊದಿ ಕೈ ಎತ್ತಿದರು.

ಮಣ್ಣು ತಿಂದ ಬಾಯಲ್ಲಿ ಮಾಯಾ ಕೇಳಿದಳು, “ಏನಾತು?”

“ಗೆದ್ವಿ ಲೇ!” ಶೃತಿ ಅವಳ ಮೇಲೆಯೇ ಬಿದ್ದಳು. ಅವಳ ಮೇಲೆ ಉಳಿದವರು ಬಿದ್ದರು. ಮುಕುಂದ ಸರ್ ಸೊಂಟ ಮರೆತು ಜಿಗಿದು, ಮರುದಿನದಿಂದ ಎಂಟು ದಿನ ರಜೆ ಹಾಕಿದರು. “ಎಂಥಾ ಡೈವ್ ಅದು!” ಎಂದು ಅವರು ಇಂದಿಗೂ ಹೇಳುತ್ತಾರೆ. ಮಾಯಾ ತಿದ್ದಲು ಹೋಗಿಲ್ಲ.

ಗೆದ್ದ ಕಪ್ಪು ಕಾಲೇಜಿಗೆ ಬಂದ ದಿನ ಈಶಪ್ಪ ಅದನ್ನು ಕೈಗೆತ್ತಿಕೊಂಡು, “ಒಳಗಿಟ್ಟು ಕೀಲಿ ಹಾಕ್ತೀನಿ” ಎಂದ. ಮಾಯಾ ಕಪ್ಪನ್ನು ಒಳಗಿಡಲು ಬಿಟ್ಟಳು. ಚಾವಿ ಮಾತ್ರ ಇಸಿದುಕೊಂಡು, ಹುಡುಗಿಯರ ಕೋಣೆಯ ಹೊರಗೆ, ಎಲ್ಲರ ಕೈಗೆ ಎಟಕುವಷ್ಟು ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದಳು.

“ಸಾಮಾನು ಕಳುವಾದ್ರ ಯಾರು ಜವಾಬ್ದಾರಿ?”

“ನಾನ ಕಾಕಾ. ಸಹಿ ಮಾಡೀನಲ್ಲ.”

ಮರುದಿನ ಬೆಳಗ್ಗೆ ಈಶಪ್ಪ ಅವಳಿಗಾಗಿ ಗೇಟಿನಲ್ಲೇ ಕಾಯುತ್ತಿದ್ದ. ಮುಖದಲ್ಲಿ ಇಪ್ಪತ್ತು ವರ್ಷದ ಗೆಲುವು. “ನೋಡ್ದಿ? ಹೇಳಿದ್ನಿಲ್ಲೋ? ಮೊದಲನೇ ದಿನಾನ ಒಂದು ಚೆಂಡು ಮಾಯ!”

ಮಾಯಾ ಅವನ ಭುಜ ಹಿಡಿದು ಮೈದಾನದ ಕಡೆ ತಿರುಗಿಸಿದಳು. ಇನ್ನೂ ಕ್ಲಾಸು ಶುರುವಾಗಿರಲಿಲ್ಲ. ಲಕ್ಕುಂಡಿಯ ಮೊದಲ ಬಸ್ಸಿಗೆ ಬಂದ ನಾಲ್ಕು ಹುಡುಗಿಯರು ಚೀಲಗಳನ್ನು ಕಂಬದ ಬುಡಕ್ಕಿಟ್ಟು, ಬಾಯ್ತುಂಬ ಶೇಂಗಾ ಅಗಿಯುತ್ತ, ಆ ಚೆಂಡನ್ನು ಆಕಾಶಕ್ಕೆ ಹೊಡೆಯುತ್ತಿದ್ದರು.